ಷಿಕಾಗೊ ಚಳಿಗೆ ಆಫೀಸಿಗೆ ಏನು ಹಾಕ್ಕೊಂಡು ಹೋಗೋದು? ಐಡಿಯಾ ಕೊಡಿ

ಗಾಳಿಪಟ (ಷಿಕಾಗೊ)

ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ಬೆಂಗಳೂರಿಂದ ಇಲ್ಲಿಗೆ ಬಂದೆ. ಬೇಸಿಗೆ ಹೇಗೋ ಕುರ್ತಾ, ಕಾಟನ್ ಪ್ಯಾಂಟ್‌ನಲ್ಲೇ ಕಳೆಯಿತು. ಈಗ ಆಫೀಸಿನವರು ವಾರಕ್ಕೆ ಮೂರು ದಿನ ಲೂಪ್‌ಗೆ (ಊರ ನಡುವಿನ ಆಫೀಸುಗಳ ಜಾಗ) ಬನ್ನಿ ಅಂತಿದ್ದಾರೆ. ಬೆಳಿಗ್ಗೆ ಮನೆ ಬಿಡುವಾಗ 6 ಡಿಗ್ರಿ, ಮಧ್ಯಾಹ್ನ ಊಟಕ್ಕೆ ಹೊರಗೆ ಬಂದರೆ 18, ಸಂಜೆ ಸರೋವರದ ಕಡೆಯಿಂದ ಗಾಳಿ. ಒಂದೇ ದಿನಕ್ಕೆ ಮೂರು ಥರ ಬಟ್ಟೆ ಬೇಕು ಅನ್ನಿಸುತ್ತೆ.

ಪಿಂಟರೆಸ್ಟ್ ತೆಗೆದರೆ ಎಲ್ಲಾ ಫೋಟೋದಲ್ಲೂ ಆರಡಿ ಎತ್ತರದ ಹುಡುಗಿ, ಬೀಜ್ (ತಿಳಿ ಮರಳು ಬಣ್ಣ) ಕೋಟು, ಕೈಯಲ್ಲಿ ಕಾಫಿ. ನಾನು 5 ಅಡಿ 1 ಇಂಚು, ಬಣ್ಣ ಕಪ್ಪು. ಆ ಕೋಟು ಅಂಗಡಿಯಲ್ಲಿ ಹಾಕಿ ನೋಡಿದೆ, ಅಪ್ಪನ ಬಟ್ಟೆ ಹಾಕಿಕೊಂಡ ಹಾಗಿತ್ತು. ಕೆಲಸ ಫೈನಾನ್ಸ್ ಕಂಪನಿಯಲ್ಲಿ, ಬಿಸಿನೆಸ್ ಕ್ಯಾಶುವಲ್ ಸಾಕು. ಬುಧವಾರ ಮಾತ್ರ ಕ್ಲೈಂಟ್‌ಗಳು ಬರುತ್ತಾರೆ. ಬಜೆಟ್ 300 ಡಾಲರ್. ನೀವೆಲ್ಲ ಎಲ್ಲಿ ನೋಡಿ ಐಡಿಯಾ ತಗೊಳ್ತೀರಿ? ಮೊದಲು ಏನು ಕೊಳ್ಳಲಿ?

ಬಸವನಗುಡಿ ಬೈಟೂ

ಒಂದು ಸ್ವೆಟರ್ ಹಾಕ್ಕೊಂಡು ಹೋಗಿ ಮೇಡಂ. ಇದಕ್ಕೆಲ್ಲಾ ಚರ್ಚೆ ಬೇಕಾ?

ಗಿರಮಿಟ್ (ಹುಬ್ಬಳ್ಳಿ, ಸದ್ಯ ಡೆಟ್ರಾಯಿಟ್)

@ಬಸವನಗುಡಿ ಬೈಟೂ, ಇಲ್ಲಿನ ಚಳಿಗೆ ನಿಮ್ಮ ಮಂಕಿ ಟೋಪಿ ಸಾಲಂಗಿಲ್ರೀ. ಒಂದು ಸಲ ಬಂದು ನೋಡ್ರಿ, ಆಮೇಲೆ ಮಾತಾಡೋಣ.

ಸೂಜಿದಾರ (ನ್ಯೂಜೆರ್ಸಿ)

ಗಾಳಿಪಟ, ತೊಂದರೆ ಪಿಂಟರೆಸ್ಟ್‌ನದಲ್ಲ, ಹುಡುಕುವ ರೀತಿಯದು. ಬರೀ 'ಫಾಲ್ ಫ್ಯಾಶನ್' (ಫಾಲ್ ಅಂದರೆ ಎಲೆ ಉದುರುವ ಕಾಲ) ಅಂತ ಹುಡುಕಿದರೆ ಆ ಬೀಜ್ ಕೋಟಿನವಳೇ ಬರುತ್ತಾಳೆ. 'ಪೆಟೀಟ್', 'ಬ್ರೌನ್ ಸ್ಕಿನ್', 'ಬಿಸಿನೆಸ್ ಕ್ಯಾಶುವಲ್', '50 ಡಿಗ್ರಿ' ಅಂತ ಸೇರಿಸಿ ನೋಡಿ. ಇಲ್ಲಿಯವರು ಫ್ಯಾರನ್‌ಹೀಟ್‌ನಲ್ಲೇ ಬರೆಯೋದು, 50 ಅಂದರೆ ನಮ್ಮ 10. ಒಂದೆರಡು ವಾರ ನಿಮಗೆ ಹೊಂದುವ ಫೋಟೋಗಳನ್ನಷ್ಟೇ ಸೇವ್ ಮಾಡಿದರೆ ಅದೂ ನಿಮ್ಮ ದಾರಿಗೆ ಬರುತ್ತೆ.

ಅದಕ್ಕಿಂತ ಒಳ್ಳೆಯ ಜಾಗ ಒಂದಿದೆ. ಅಂಗಡಿಗಳ ವೆಬ್‌ಸೈಟ್‌ನಲ್ಲಿ ಕೊಂಡವರು ಹಾಕಿದ ಫೋಟೋ ನೋಡಿ. ಎಷ್ಟೋ ಜನ ತಮ್ಮ ಎತ್ತರ, ಸೈಜು ಎಲ್ಲಾ ಬರೆದಿರುತ್ತಾರೆ. ಮಾಡೆಲ್ ಮೈಮೇಲೆ ಮೊಣಕಾಲಿಗೆ ಬರುವ ಕೋಟು ನಿಮಗೆ ಪಾದಕ್ಕೆ ಬರುತ್ತೆ ಅನ್ನೋದು ಅಲ್ಲೇ ಗೊತ್ತಾಗೋದು.

ಪೆಟೀಟ್ ವಿಭಾಗ ಬಿಟ್ಟು ಬೇರೆ ಕಡೆ ಹೋಗಲೇಬೇಡಿ. ಅದು 5 ಅಡಿ 4 ಇಂಚು ಮತ್ತು ಅದಕ್ಕಿಂತ ಕುಳ್ಳಗಿರುವವರಿಗೆ. ಬರೀ ಉದ್ದ ಕತ್ತರಿಸಿದ್ದಲ್ಲ. ಭುಜ ಕಿರಿದು, ಸೊಂಟ ಮೇಲೆ, ಮೊಣಕಾಲಿನ ಜಾಗವೂ ಮೇಲೆ. ಆ್ಯನ್ ಟೇಲರ್, ಲಾಫ್ಟ್, ಬನಾನಾ ರಿಪಬ್ಲಿಕ್, ಜೆ. ಕ್ರೂ ಎಲ್ಲದರಲ್ಲೂ ಇದೆ. ಮಾಮೂಲಿ ಸೈಜ್ ಕೊಂಡು ಆಲ್ಟರೇಷನ್ ಮಾಡಿಸ್ತೀನಿ ಅಂದುಕೊಂಡಿದ್ದರೆ ಮರೆತುಬಿಡಿ. ಇದು ಜಯನಗರ ಅಲ್ಲ, ಪ್ಯಾಂಟ್ ತುದಿ ಮಡಚಿ ಹೊಲಿಯೋಕೂ ಕೈ ಸುಡುತ್ತೆ.

ಚೌಚೌ ಭಾತ್ (ಬೆಂಗಳೂರು)

ಬೀಜ್ ಕೋಟು ನಮ್ಮ ಬಣ್ಣಕ್ಕೆ ಒಪ್ಪಲ್ಲ. ಇಷ್ಟೇ ವಿಷಯ.

ನೀರುಳ್ಳಿ ಬಜೆ (ಡಬ್ಲಿನ್)

ಯಾರು ಹೇಳಿದ್ದು ಒಪ್ಪಲ್ಲ ಅಂತ? ನಾನೂ ಕಪ್ಪೇ. ಒಂಟೆ ಬಣ್ಣದ ಕೋಟು ಹಾಕಿದರೆ ಚೆನ್ನಾಗೇ ಕಾಣ್ತೀನಿ. ಮುಖದ ಹತ್ತಿರ ಏನಿದೆ ಅನ್ನೋದು ಮುಖ್ಯ. ಕೋಟು ಬೀಜ್ ಇರಲಿ, ಕುತ್ತಿಗೆಗೆ ಕಡುಗೆಂಪು ಸ್ಕಾರ್ಫ್ ಸುತ್ತಿ ನೋಡಿ. ಈ 'ನಮ್ಮ ಬಣ್ಣಕ್ಕೆ ಒಪ್ಪಲ್ಲ' ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ. ಚಿಕ್ಕಂದಿನಲ್ಲಿ ಅತ್ತೆ, ದೊಡ್ಡಮ್ಮ ಎಲ್ಲಾ ಹೇಳಿ ಹೇಳಿ ತಿಳಿ ಬಣ್ಣ ಮುಟ್ಟೋಕೇ ಬಿಡಲಿಲ್ಲ.

ಚೌಚೌ ಭಾತ್ (ಬೆಂಗಳೂರು)

@ನೀರುಳ್ಳಿ ಬಜೆ, ನಾನು ಆ ಅರ್ಥದಲ್ಲಿ ಹೇಳಿದ್ದಲ್ಲ ಮಾರಾಯ್ತಿ. ಹಳದಿ ಬೆರೆತ ಬೀಜ್ ಬೇರೆ, ಬೂದಿ ಬೆರೆತ ಬೀಜ್ ಬೇರೆ. ಎರಡನೆಯದು ಹಾಕಿದರೆ ಮೂರು ದಿನ ಜ್ವರದಲ್ಲಿ ಮಲಗಿ ಎದ್ದ ಕಳೆ.

ನೀರುಳ್ಳಿ ಬಜೆ (ಡಬ್ಲಿನ್)

ಅದು ಸರಿ. ಒಪ್ಪಿದೆ.

ಮಗ್ಗದ ಮನೆ (ಬಾಗಲಕೋಟೆ, ಸದ್ಯ ಮಿನಿಯಾಪೊಲಿಸ್)

ಈ ಫಾಲ್ ಬಣ್ಣ ಅಂತ ಇಲ್ಲಿನ ಅಂಗಡಿಯವರು ಪ್ರತಿ ಸೆಪ್ಟೆಂಬರ್ ಏನು ತೂಗು ಹಾಕುತ್ತಾರೆ ನೋಡಿ. ಇಟ್ಟಿಗೆ ಕೆಂಪು, ಸಾಸಿವೆ ಹಳದಿ, ಬಾಟಲ್ ಹಸಿರು, ವೈನ್ ಬಣ್ಣ. ಇವೆಲ್ಲ ನಮ್ಮ ಅಜ್ಜಿಯ ಟ್ರಂಕಿನಲ್ಲೇ ಇವೆ! ಇಳಕಲ್ ಸೀರೆಯ ದಾಳಿಂಬೆ ಕೆಂಪು, ಗುಳೇದಗುಡ್ಡ ಖಣದ ಕಡುನೀಲಿ, ಹಸಿರು ಇವಕ್ಕಿಂತ ಒಳ್ಳೆಯ ಫಾಲ್ ಬಣ್ಣ ಯಾವುದಿದೆ ಹೇಳಿ.

ನಾನು ಊರಿಂದ ಖಣದ ಬಟ್ಟೆ ತಂದು ತೋಳಿಲ್ಲದ ಜಾಕೆಟ್ ಹೊಲಿಸಿದೆ. ಒಳಗೆ ಕಪ್ಪು ಟರ್ಟಲ್‌ನೆಕ್ (ಕುತ್ತಿಗೆ ಮುಚ್ಚುವ ಸ್ವೆಟರ್), ಕೆಳಗೆ ಕಪ್ಪು ಪ್ಯಾಂಟ್, ಮೇಲೆ ಇದು. ಅಷ್ಟೇ. ಆಫೀಸಿನಲ್ಲಿ ಜನ ನಿಲ್ಲಿಸಿ ಕೇಳುತ್ತಾರೆ. ಒಂದು ಎಚ್ಚರಿಕೆ: ಖಣ ನೇಯೋದೇ ಕುಪ್ಪಸಕ್ಕೆ, ಪನ್ನ ಕಿರಿದು. ಪೂರ್ತಿ ಬ್ಲೇಜರ್ ಹೊಲಿಸೋಕೆ ಹೋದರೆ ಬೆನ್ನಲ್ಲಿ ಜೋಡು ಬರುತ್ತೆ, ಗೆರೆ ಹೊಂದಿಸೋದು ಕಷ್ಟ. ತೋಳಿಲ್ಲದ ಜಾಕೆಟ್‌ಗೆ ಸರಿಹೋಗುತ್ತೆ. ಒಳಗೆ ಲೈನಿಂಗ್ ಕೊಡಿಸಲೇಬೇಕು, ಇಲ್ಲದಿದ್ದರೆ ಹೊಲಿಗೆಯ ಹತ್ತಿರ ಎಳೆ ಬಿಟ್ಟುಕೊಳ್ಳುತ್ತೆ.

ಗಾಳಿಪಟ (ಷಿಕಾಗೊ)

ಅಯ್ಯೋ, ಖಣದ ಐಡಿಯಾ ತುಂಬಾ ಹಿಡಿಸಿತು. ಆದರೆ ಕ್ಲೈಂಟ್ ಎದುರು ಜಾಸ್ತಿ 'ಎಥ್ನಿಕ್' ಅನ್ನಿಸಲ್ವಾ?

ಮಗ್ಗದ ಮನೆ (ಬಾಗಲಕೋಟೆ, ಸದ್ಯ ಮಿನಿಯಾಪೊಲಿಸ್)

ಅನ್ನಿಸಿದರೆ ಅನ್ನಿಸಲಿ. ಅವರು ಸ್ಕಾಟ್ಲೆಂಡಿನ ಚೌಕಳಿ ಹಾಕಿಕೊಂಡು ಬಂದಾಗ ನೀವು ಹಾಗೆ ಕೇಳ್ತೀರಾ?

ಸೂಜಿದಾರ (ನ್ಯೂಜೆರ್ಸಿ)

ಪೆಪ್ಸಿಕೋ ಮುಖ್ಯಸ್ಥೆಯಾಗಿದ್ದ ಇಂದ್ರಾ ನೂಯಿ ಅವರ ಕಥೆ ಗೊತ್ತಲ್ಲ? ಯೇಲ್‌ನಲ್ಲಿ ಓದುವಾಗ ಕೆಲಸದ ಇಂಟರ್‌ವ್ಯೂಗೆ 50 ಡಾಲರ್ ಕೊಟ್ಟು ಸೂಟ್ ಕೊಂಡರಂತೆ. ಅದು ಅಳತೆಗೇ ಸರಿಹೋಗಲಿಲ್ಲ. ಕಾಲೇಜಿನ ಸಲಹೆಗಾರರು 'ಇಂಡಿಯಾದಲ್ಲಾದರೆ ಏನು ಹಾಕ್ತಿದ್ದೆ?' ಅಂತ ಕೇಳಿದರು. 'ಸೀರೆ' ಅಂದರು. ಮುಂದಿನ ಇಂಟರ್‌ವ್ಯೂಗೆ ಸೀರೆಯಲ್ಲೇ ಹೋದರು, ಬೂಜ್ ಆಲನ್ ಅನ್ನೋ ಕನ್ಸಲ್ಟಿಂಗ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅವರೇ ಎಷ್ಟೋ ಕಡೆ ಹೇಳಿದ್ದಾರೆ.

ಬಸವನಗುಡಿ ಬೈಟೂ

ನೋಡಿ, ಮೊದಲೇ ಹೇಳಿದ್ದರೆ ಸೀರೆ ಉಡಿ ಅಂತಿದ್ದೆ. ಮಂಗಳಯಾನ ಕಕ್ಷೆ ಸೇರಿದ ದಿನ ಇಸ್ರೋದ ಹೆಣ್ಣುಮಕ್ಕಳು ರೇಷ್ಮೆ ಸೀರೆ ಉಟ್ಟು, ಹೂವು ಮುಡಿದು ನಗುತ್ತಿದ್ದ ಫೋಟೋ ನೆನಪಿದೆಯಾ? 2014ರ ಸೆಪ್ಟೆಂಬರ್, ನಮ್ಮ ಬೆಂಗಳೂರಲ್ಲೇ. ಅದಕ್ಕಿಂತ ದೊಡ್ಡ ಫ್ಯಾಶನ್ ಬೇಕಾ?

ಒಗ್ಗರಣೆ ಡಬ್ಬಿ (ಟೊರೊಂಟೊ)

ಫೋಟೋ ಚೆನ್ನಾಗಿದೆ ಸಾರ್. ಆದರೆ ಪೀಣ್ಯದ ಸೆಪ್ಟೆಂಬರ್ ಬೇರೆ, ಇಲ್ಲಿನ ನವೆಂಬರ್ ಬೇರೆ. ರೈಲು ನಿಲ್ದಾಣದಲ್ಲಿ ನೆರಿಗೆ ಹಾರದ ಹಾಗೆ ಹಿಡಿದುಕೊಂಡು ನಿಲ್ಲೋದು ನೀವಲ್ಲವಲ್ಲ.

ಹಾಗಂತ ಉಡೋಕೆ ಆಗಲ್ಲ ಅಂತೇನಿಲ್ಲ. ನಾನು ದೀಪಾವಳಿಗೆ ಆಫೀಸಿಗೆ ಸೀರೆಯಲ್ಲೇ ಹೋಗೋದು. ಲಂಗದ ಬದಲು ಫ್ಲೀಸ್ ಒಳಪದರ ಇರುವ ಲೆಗಿಂಗ್ಸ್. ನೆರಿಗೆ ಸಿಕ್ಕಿಸೋಕೆ ಸೊಂಟಕ್ಕೆ ಒಂದು ಎಲಾಸ್ಟಿಕ್ ಬೆಲ್ಟ್. ರವಿಕೆ ಬದಲು ತೆಳು ಉಣ್ಣೆಯ ಟರ್ಟಲ್‌ನೆಕ್. ಕಾಲಿಗೆ ಬೂಟು. ಸೀರೆ ಒಂದಿಂಚು ಮೇಲೆ ಉಟ್ಟರೆ ಸಾಕು.

ಮೈಸೂರ್‌ಪಾಕ್ (ಮೆಲ್ಬರ್ನ್)

ನಮಗೆ ಈಗ ವಸಂತ. ಮಾರ್ಚ್‌ನಲ್ಲಿ ಬಂದು ಓದ್ತೀನಿ, ಥ್ರೆಡ್ ಅಳಿಸಬೇಡಿ.

ಗಿರಮಿಟ್ (ಹುಬ್ಬಳ್ಳಿ, ಸದ್ಯ ಡೆಟ್ರಾಯಿಟ್)

ಕೆಲಸಕ್ಕೆ ಬರೋ ಮಾತು ಹೇಳ್ತೀನಿ ಕೇಳ್ರಿ ಗಾಳಿಪಟ. ಪದರ. ದಪ್ಪ ಸ್ವೆಟರ್ ಒಂದರ ಬದಲು ತೆಳುವಾದ್ದು ಮೂರು.

ಮೈಗೆ ಅಂಟಿದ ಹಾಗೆ ಥರ್ಮಲ್. ಯೂನಿಕ್ಲೋದ ಹೀಟ್‌ಟೆಕ್ ತೆಳು ಇರೋದರಿಂದ ಶರ್ಟಿನ ಒಳಗೆ ಕಾಣೋದಿಲ್ಲ. ಅದರ ಕುತ್ತಿಗೆ ಮಾತ್ರ ನಿಮ್ಮ ಶರ್ಟಿನ ಕುತ್ತಿಗೆಗಿಂತ ಕೆಳಗೆ ಇರಬೇಕು. ಅದರ ಮೇಲೆ ಶರ್ಟ್ ಅಥವಾ ಮೆರಿನೋ (ನಯವಾದ ಕುರಿ ಉಣ್ಣೆ) ಸ್ವೆಟರ್. ಅದರ ಮೇಲೆ ಬ್ಲೇಜರ್. ಹೊರಗೆ ಕೋಟು. ಒಳಗೆ ಹೋದ ಹಾಗೆ ಒಂದೊಂದೇ ತೆಗೀರಿ. ಲಾಂಗ್ ಕೋಟು ತೆಗೆದು ಮೂಲೆಗೆ ಹಾಕಿದ ಮೇಲೆ ನೀವು ಮಾಮೂಲಿ ಆಫೀಸು ಬಟ್ಟೆಯಲ್ಲಿ ಇರ್ತೀರಿ. ಮಧ್ಯಾಹ್ನದ 18 ಡಿಗ್ರಿಗೆ ಬ್ಲೇಜರ್ ಒಂದೇ ಸಾಕು.

ಅಕ್ರಿಲಿಕ್ ಸ್ವೆಟರ್ ಮುಟ್ಟಬೇಡ್ರಿ. ಊರಲ್ಲಿ ಚಳಿಗಾಲಕ್ಕೆ ಟಿಬೆಟಿಯನ್ನರು ಅಂಗಡಿ ಹಾಕ್ತಾರಲ್ಲ, ಅಲ್ಲಿಂದ ನಮ್ಮವ್ವ ಎರಡು ಕೊಡಿಸಿ ಕಳಿಸಿದ್ದಳು. ಬಣ್ಣ ಭಾರೀ ಚಂದ. ಆದರೆ ಹೊರಗೆ ಗಾಳಿ ಒಳಗೆ ನುಗ್ಗುತ್ತೆ, ಆಫೀಸಿನ ಹೀಟರ್ ಹತ್ತಿರ ಕೂತರೆ ಬೆವರು ಹರಿಯುತ್ತೆ.

ಚೌಚೌ ಭಾತ್ (ಬೆಂಗಳೂರು)

ಉಣ್ಣೆ ನನಗೆ ಮೈಯೆಲ್ಲಾ ಚುಚ್ಚುತ್ತೆ. ಏನು ಮಾಡೋದು?

ಮಗ್ಗದ ಮನೆ (ಬಾಗಲಕೋಟೆ, ಸದ್ಯ ಮಿನಿಯಾಪೊಲಿಸ್)

ಚುಚ್ಚೋದು ಎಳೆಯ ದಪ್ಪದಿಂದ. ಸುಮಾರು 30 ಮೈಕ್ರಾನ್‌ಗಿಂತ ದಪ್ಪ ಎಳೆ ಚರ್ಮಕ್ಕೆ ತಾಗಿದರೆ ಬಾಗಲ್ಲ, ಚುಚ್ಚುತ್ತೆ. ನಮ್ಮ ಕಡೆಯ ಡೆಕ್ಕನಿ ಕುರಿಯ ಕಂಬಳಿ ಹಾಗೇ ಅಲ್ವಾ? ಮೆರಿನೋ ಎಳೆ ಸಾಮಾನ್ಯವಾಗಿ 24 ಮೈಕ್ರಾನ್‌ಗಿಂತ ತೆಳು. ಲೇಬಲ್‌ನಲ್ಲಿ ಬರೀ 'ವೂಲ್' ಅಂತಿದ್ದರೆ ಕುತ್ತಿಗೆಗೆ ಒತ್ತಿ ನೋಡಿ ಕೊಳ್ಳಿ. ಕೈಗೆ ಗೊತ್ತಾಗಲ್ಲ, ಕುತ್ತಿಗೆಗೆ ಗೊತ್ತಾಗುತ್ತೆ.

ಒಗ್ಗರಣೆ ಡಬ್ಬಿ (ಟೊರೊಂಟೊ)

ಯಾರೂ ಹೇಳದ ವಿಷಯ ನಾನು ಹೇಳ್ತೀನಿ. ಉಣ್ಣೆ ಕೋಟು ಒಗ್ಗರಣೆ ವಾಸನೆ ಹಿಡಿದರೆ ಬಿಡಲ್ಲ! ಇಲ್ಲಿನ ಮನೆಗಳಲ್ಲಿ ಬಾಗಿಲ ಪಕ್ಕವೇ ಅಡುಗೆಮನೆ, ಅಲ್ಲೇ ಕೋಟು ನೇತುಹಾಕೋ ಗೂಟ. ಇಂಗು, ಬೆಳ್ಳುಳ್ಳಿ ಎಲ್ಲಾ ಅದರೊಳಗೆ. ಕೋಟು ಮಲಗೋ ಕೋಣೆಯ ಕಪಾಟಿನಲ್ಲಿ ಬಾಗಿಲು ಮುಚ್ಚಿ ಇಡಿ. ಅಡುಗೆ ಮುಗಿಸಿದ ಮೇಲೇ ಆಫೀಸಿನ ಬಟ್ಟೆ ಹಾಕಿ. ವಾಸನೆ ಹಿಡಿದರೆ ಗಾಳಿಗೆ ಹರವಿ. ಸೆಂಟು ಹೊಡೆದರೆ ಇಂಗಿನ ಜೊತೆ ಗುಲಾಬಿ ಸೇರಿ ಇನ್ನೂ ಕಷ್ಟ.

ನೀರುಳ್ಳಿ ಬಜೆ (ಡಬ್ಲಿನ್)

ಹಹ್ಹಾ, ಇದು ನೂರಕ್ಕೆ ನೂರು ನಿಜ. ನಮ್ಮ ಮನೆಯಲ್ಲಿ ಬಂಗುಡೆ ಹುರಿಯೋದು ಶನಿವಾರ ಮಾತ್ರ. ಅವತ್ತು ಕೋಟುಗಳಿಗೆಲ್ಲ ಗೃಹಬಂಧನ.

ಬಸವನಗುಡಿ ಬೈಟೂ

ಬಂಗುಡೆ ಅಲ್ಲಿ ಸಿಗುತ್ತಾ? ರೇಟು ಎಷ್ಟು?

ನೀರುಳ್ಳಿ ಬಜೆ (ಡಬ್ಲಿನ್)

ಐರಿಶ್ ಮ್ಯಾಕರೆಲ್ ಸಿಗುತ್ತೆ ಸಾರ್. ಬಂಗುಡೆಯ ದಾಯಾದಿ, ಎಣ್ಣೆ ಅಂಶ ಜಾಸ್ತಿ. ರೇಟು ಬೇರೆ ಥ್ರೆಡ್‌ನಲ್ಲಿ ಮಾತಾಡೋಣ, ಇಲ್ಲಿ ಪಾಪ ಆ ಹುಡುಗಿ ಬಟ್ಟೆ ಕೇಳ್ತಿದ್ದಾಳೆ.

ಗಾಳಿಪಟ (ಷಿಕಾಗೊ)

ಪರವಾಗಿಲ್ಲ, ಮಾತಾಡಿ. ಒಂದು ಹೊಸ ಸಮಸ್ಯೆ. ಇವತ್ತು ಕುರ್ತಾ ಮೇಲೆ ಕೋಟು ಹಾಕಿಕೊಂಡು ಹೋದೆ. ಇಡೀ ದಿನ ಕುರ್ತಾ ಕಾಲಿಗೆ ಅಂಟಿಕೊಂಡಿತ್ತು, ಬಾಗಿಲ ಹಿಡಿ ಮುಟ್ಟಿದರೆ ಚುರ್ ಅಂತ ಶಾಕ್ ಬೇರೆ.

ಸೂಜಿದಾರ (ನ್ಯೂಜೆರ್ಸಿ)

ಸ್ಟ್ಯಾಟಿಕ್. ಹೀಟರ್ ಶುರುವಾದರೆ ಒಳಗಿನ ಗಾಳಿ ಒಣಗುತ್ತೆ. ಕೋಟಿನ ಲೈನಿಂಗ್ ಪಾಲಿಯೆಸ್ಟರ್, ಲೆಗಿಂಗ್ಸ್ ಸಿಂಥೆಟಿಕ್, ಎರಡೂ ಉಜ್ಜಿದರೆ ಇದೇ ಕಥೆ. ಕಾಲಿಗೆ ಲೋಷನ್ ಹಚ್ಚಿ. ಕುರ್ತಾದ ಒಳ ಅಂಚಿಗೆ ಒಂದು ಪಿನ್ನು ಚುಚ್ಚಿ, ಹೊರಗೆ ಕಾಣದ ಹಾಗೆ. ಬಟ್ಟೆ ಒಣಗಿಸೋ ಮಷಿನ್ನಿಗೆ ಹಾಕುವ ಡ್ರೈಯರ್ ಶೀಟ್ ಇದೆಯಲ್ಲ, ಅದನ್ನ ಕುರ್ತಾದ ಒಳಗೆ ಒಂದು ಸಲ ಸವರಿದರೂ ಆಗುತ್ತೆ.

ಕುರ್ತಾ ಬಿಡಬೇಕಾಗಿಲ್ಲ. ಮೊಣಕಾಲಿನ ತನಕ ಬರುವ ಕುರ್ತಾದ ಮೇಲೆ ಸೊಂಟದವರೆಗಿನ ಚಿಕ್ಕ ಬ್ಲೇಜರ್ ಹಾಕಬೇಡಿ, ಕುಳ್ಳಗಿರೋರು ಎರಡು ತುಂಡಾಗಿ ಕಾಣ್ತಾರೆ. ಉದ್ದ ಕಾರ್ಡಿಗನ್, ಅಥವಾ ಕುರ್ತಾವನ್ನೇ ಗಿಡ್ಡ ಮಾಡಿಸಿ ಪ್ಯಾಂಟ್ ಒಳಗೆ ಸಿಕ್ಕಿಸಿ.

ಚೌಚೌ ಭಾತ್ (ಬೆಂಗಳೂರು)

ಇಲ್ಲಿ ಹೊರಗೆ 28 ಡಿಗ್ರಿ, ನಮ್ಮ ಆಫೀಸಿನೊಳಗೆ ಹಿಮಾಲಯ. ವರ್ಷವಿಡೀ ಶಾಲು ಹೊದ್ದು ಕೂರ್ತೀವಿ. ಗಂಡಸರೆಲ್ಲ ಅರ್ಧ ತೋಳಿನ ಶರ್ಟಿನಲ್ಲಿ ಆರಾಮ. ಇದಕ್ಕೂ ಒಂದು ಪರಿಹಾರ ಹೇಳಿ.

ಒಗ್ಗರಣೆ ಡಬ್ಬಿ (ಟೊರೊಂಟೊ)

ಅದು ನಿಮ್ಮ ಭ್ರಮೆಯಲ್ಲ. ಆಫೀಸುಗಳ ತಾಪಮಾನ ಎಷ್ಟಿರಬೇಕು ಅನ್ನುವ ಲೆಕ್ಕ 1960ರ ದಶಕದ್ದು. ಅದಕ್ಕೆ ಹಿಡಿದ ಅಳತೆ 40 ವರ್ಷದ, 70 ಕೆ.ಜಿ. ತೂಕದ ಗಂಡಸಿನ ದೇಹದ್ದು. ಹೆಂಗಸರ ದೇಹ ಅಷ್ಟು ಶಾಖ ಹುಟ್ಟಿಸಲ್ಲ, ಲೆಕ್ಕ ತಪ್ಪುತ್ತೆ ಅಂತ 2015ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ನೇಚರ್ ಕ್ಲೈಮೇಟ್ ಚೇಂಜ್ ಪತ್ರಿಕೆಯಲ್ಲಿ ಬರೆದಿದ್ದರು. ಆ ಪ್ರಿಂಟ್‌ಔಟ್ ನಿಮ್ಮ ಅಡ್ಮಿನ್ ಮೇಜಿನ ಮೇಲೆ ಇಡಿ.

ಬಸವನಗುಡಿ ಬೈಟೂ

ಅದಕ್ಕೇನಾ ನಮ್ಮ ಟೀಮಿನಲ್ಲಿ ದಿನಾ ಎ.ಸಿ. ರಿಮೋಟ್‌ಗೆ ಜಗಳ! ಇದು ಗೊತ್ತಿರಲಿಲ್ಲ.

ಮಗ್ಗದ ಮನೆ (ಬಾಗಲಕೋಟೆ, ಸದ್ಯ ಮಿನಿಯಾಪೊಲಿಸ್)

300 ಡಾಲರ್ ಬಜೆಟ್ ಅಂದಿದ್ದೀರಿ, ಅದರ ಬಗ್ಗೆ ಯಾರೂ ಮಾತಾಡಿಲ್ಲ. ನನ್ನ ಪ್ರಕಾರ ಅರ್ಧ ದುಡ್ಡು ಕೋಟಿಗೆ ಹೋಗಲಿ. ನವೆಂಬರ್‌ನಿಂದ ಜನ ನೋಡೋದು ನಿಮ್ಮ ಕೋಟನ್ನೇ. ಒಳಗೆ ಹಳೇ ಶರ್ಟ್ ಇದ್ದರೂ ಯಾರಿಗೂ ಗೊತ್ತಾಗಲ್ಲ.

ಸೂಜಿದಾರ (ನ್ಯೂಜೆರ್ಸಿ)

ನಾನು ಒಪ್ಪಲ್ಲ. ಆಫೀಸಿನಲ್ಲಿ ಎಂಟು ಗಂಟೆ ಕೋಟು ಮೂಲೆಯಲ್ಲಿರುತ್ತೆ. ಜನ ನೋಡೋದು ಬ್ಲೇಜರ್, ಶೂ. ಕೋಟನ್ನ ಸೆಕೆಂಡ್‌ಹ್ಯಾಂಡ್ ಕೊಳ್ಳಲಿ. ಗುಡ್‌ವಿಲ್ ಅಂಗಡಿಗೆ ಹೋಗಿ ಲೇಬಲ್ ಓದಲಿ. 70-80 ಪರ್ಸೆಂಟ್ ಉಣ್ಣೆ ಇರುವ ಹಳೇ ಕೋಟು, ಹೊಸ ಪಾಲಿಯೆಸ್ಟರ್ ಕೋಟಿಗಿಂತ ಎಷ್ಟೋ ಮೇಲು. ಆನ್‌ಲೈನ್‌ನಲ್ಲಾದರೆ ಥ್ರೆಡ್‌ಅಪ್, ಪಾಶ್‌ಮಾರ್ಕ್ ಇವೆ. ಉಳಿದ ದುಡ್ಡಲ್ಲಿ ಅಳತೆಗೆ ಸರಿಯಾದ ಒಂದು ಪೆಟೀಟ್ ಬ್ಲೇಜರ್, ಒಂದು ಜೊತೆ ಲೋಫರ್ (ಲೇಸಿಲ್ಲದ ಶೂ), ಒಂದು ಜೊತೆ ಗಿಡ್ಡ ಬೂಟು.

ಗಿರಮಿಟ್ (ಹುಬ್ಬಳ್ಳಿ, ಸದ್ಯ ಡೆಟ್ರಾಯಿಟ್)

ಇನ್ನೊಬ್ಬರು ಹಾಕಿದ ಕೋಟು ಅಂದರೆ ನಮ್ಮವ್ವ ಮನೆ ಬಾಗಿಲ ಒಳಗೆ ಬಿಡೋದಿಲ್ಲ.

ಸೂಜಿದಾರ (ನ್ಯೂಜೆರ್ಸಿ)

ಅವ್ವನಿಗೆ ಯಾಕೆ ಹೇಳ್ತೀರಿ? ಡ್ರೈಕ್ಲೀನ್ ಮಾಡಿಸಿದರೆ ಮುಗೀತು. ಮೊದಲು ಹುಳು ತಿಂದ ತೂತು ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಬೇಸಿಗೆಗೆ ಎತ್ತಿಡುವಾಗ ತೊಳೆಸಿಯೇ ಇಡಬೇಕು, ಬೆವರಿನ ಕಲೆ ಇದ್ದರೆ ನುಸಿ ಅಲ್ಲೇ ಮೊಟ್ಟೆ ಇಡುತ್ತೆ. ನುಸಿಗುಳಿಗೆ ಮಾತ್ರ ಹಾಕಬೇಡಿ, ಆ ವಾಸನೆ ಮೀಟಿಂಗ್ ತನಕ ಬರುತ್ತೆ.

ನೀರುಳ್ಳಿ ಬಜೆ (ಡಬ್ಲಿನ್)

ಎಲ್ಲಿ ನೋಡಿ ಕಲಿಯೋದು ಅಂತ ಕೇಳಿದ್ದಿರಿ. ರೈಲಿನಲ್ಲಿ ನೋಡಿ. ನ್ಯೂಯಾರ್ಕ್ ಟೈಮ್ಸ್‌ನ ಫೋಟೋಗ್ರಾಫರ್ ಬಿಲ್ ಕನಿಂಗ್‌ಹ್ಯಾಮ್ ಗೊತ್ತಾ? 2016ರಲ್ಲಿ ತೀರಿಕೊಂಡರು. ದಶಕಗಟ್ಟಲೆ ನೀಲಿ ಜಾಕೆಟ್ ಹಾಕಿಕೊಂಡು, ಸೈಕಲ್‌ನಲ್ಲಿ ಓಡಾಡಿ, ಫಿಫ್ತ್ ಅವೆನ್ಯೂ ಮೂಲೆಯಲ್ಲಿ ನಿಂತು ದಾರಿಹೋಕರ ಬಟ್ಟೆಯ ಫೋಟೋ ತೆಗೆದರು. ಮಳೆ, ಹಿಮ ಬಿದ್ದ ದಿನ ಇನ್ನೂ ಖುಷಿ ಅವರಿಗೆ. ನಿಜವಾದ ಹವಾಮಾನದಲ್ಲಿ ನಿಜವಾದ ಜನ ಏನು ಹಾಕ್ತಾರೆ ಅನ್ನೋದು ಅಲ್ಲೇ ಗೊತ್ತಾಗೋದು. ನಿಮ್ಮ ರೈಲಿನಲ್ಲಿ ನಿಮ್ಮಷ್ಟೇ ಎತ್ತರದ ಯಾರೋ ಒಬ್ಬರು ಚೆಂದವಾಗಿ ಬಂದಿರ್ತಾರೆ. ಫೋಟೋ ತೆಗೀಬೇಡಿ, ಬೈಸಿಕೊಳ್ತೀರಿ. ನೋಡಿ ನೆನಪಿಟ್ಟುಕೊಳ್ಳಿ.

ಒಗ್ಗರಣೆ ಡಬ್ಬಿ (ಟೊರೊಂಟೊ)

ಬೂಟು ಕೊಳ್ಳುವಾಗ ಸ್ವೇಡ್ (ಮಖಮಲ್ಲಿನಂಥ ಮೇಲ್ಮೈಯ ಚರ್ಮ) ಬೇಡ. ಹಿಮ ಬಿದ್ದ ಮೇಲೆ ರಸ್ತೆಗೆ ಉಪ್ಪು ಸುರೀತಾರೆ. ನುಣುಪು ಚರ್ಮದ ಬೂಟಾದರೆ ವಿನೆಗರ್‌ಗೆ ನೀರು ಬೆರೆಸಿ ಬಟ್ಟೆಯಿಂದ ಒರೆಸಿದರೆ ಬಿಳಿ ಕಲೆ ಹೋಗುತ್ತೆ. ಸ್ವೇಡ್‌ಗೆ ಅಷ್ಟು ಸುಲಭವಿಲ್ಲ. ಲೋಫರ್ ಆಫೀಸಿನ ಡ್ರಾಯರ್‌ನಲ್ಲೇ ಇರಲಿ.

ಕೆಂಪುಹಳದಿ (ಡಲ್ಲಾಸ್)

ತಡವಾಗಿ ಬಂದೆ. ನವೆಂಬರ್ 1ಕ್ಕೆ ಏನು ಹಾಕ್ತೀರಿ ಅಂತ ಯಾರೂ ಕೇಳಿಲ್ಲವಲ್ಲ! ನಾನು ಹಳದಿ ಸ್ವೆಟರ್, ಕೆಂಪು ಸ್ಕಾರ್ಫ್ ಹಾಕಿ ಆಫೀಸಿಗೆ ಹೋದರೆ ಪಕ್ಕದ ಮೇಜಿನವನು 'ಹ್ಯಾಲೊವೀನ್ ನಿನ್ನೆ ಆಯ್ತಲ್ಲ, ಇವತ್ತು ಯಾಕೆ ವೇಷ?' ಅಂದ. ರಾಜ್ಯೋತ್ಸವ ಅಂದರೆ ಏನು, 1956, 1973 ಎಲ್ಲಾ ವಿವರಿಸಿದೆ. ಈಗ ಪ್ರತಿ ವರ್ಷ ಅವನೇ ಹಳದಿ ಟೈ ಕಟ್ಟಿಕೊಂಡು ಬರ್ತಾನೆ.

ಮಗ್ಗದ ಮನೆ (ಬಾಗಲಕೋಟೆ, ಸದ್ಯ ಮಿನಿಯಾಪೊಲಿಸ್)

ಸ್ಕಾರ್ಫ್ ಅಂದಾಗ ನೆನಪಾಯಿತು. ಕಸೂತಿ ಹಾಕಿದ ಸ್ಟೋಲ್ ಇದ್ದರೆ ಕಪ್ಪು ಕೋಟಿನ ಮೇಲೆ ಅದೊಂದೇ ಸಾಕು. ಕೊಳ್ಳುವಾಗ ತಿರುಗಿಸಿ ಹಿಂಭಾಗ ನೋಡಿ. ಗವಂತಿ, ಮುರ್ಗಿ ಹೊಲಿಗೆ ಎರಡೂ ಕಡೆ ಒಂದೇ ಥರ ಇರುತ್ತೆ, ಗಂಟು ಇರಲ್ಲ. ಹಿಂದೆ ದಾರದ ಗೋಜಲು ಕಂಡರೆ ಅದು ಮಷಿನ್ ಕೆಲಸ.

ಗಿರಮಿಟ್ (ಹುಬ್ಬಳ್ಳಿ, ಸದ್ಯ ಡೆಟ್ರಾಯಿಟ್)

ನೇಯ್ಗಿ, ಮೆಂತಿ ಹೊಲಿಗೆಯ ಹಿಂದೆ ಹಂಗೇ ಇರಬೇಕು ಅಂತೇನಿಲ್ರೀ. ಧಾರವಾಡದ ಹೆಣ್ಣುಮಕ್ಕಳನ್ನ ಕೇಳ್ರಿ. ಹಿಂದೆ ಬೇರೆ ಕಂಡ ಮಾತ್ರಕ್ಕೆ ಮಷಿನ್ ಅಂದುಬಿಟ್ಟರೆ ಪಾಪ, ಕೈಯಲ್ಲಿ ಹಾಕಿದವರಿಗೆ ಅನ್ಯಾಯ.

ಮಗ್ಗದ ಮನೆ (ಬಾಗಲಕೋಟೆ, ಸದ್ಯ ಮಿನಿಯಾಪೊಲಿಸ್)

ಅದಕ್ಕೇ ಗವಂತಿ, ಮುರ್ಗಿ ಅಂತ ಹೆಸರು ಹಿಡಿದು ಹೇಳಿದ್ದು.

ಗಾಳಿಪಟ (ಷಿಕಾಗೊ)

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಗುಡ್‌ವಿಲ್‌ಗೆ ಹೋಗಿದ್ದೆ. ವೈನ್ ಬಣ್ಣದ ಪೆಟೀಟ್ ಕೋಟು, 80 ಪರ್ಸೆಂಟ್ ಉಣ್ಣೆ, 28 ಡಾಲರ್! ಒಂದು ಗುಂಡಿ ಇಲ್ಲ, ಅಷ್ಟೇ. ಕಡುನೀಲಿ ಬ್ಲೇಜರ್ ಆರ್ಡರ್ ಮಾಡಿದೆ. ಹೀಟ್‌ಟೆಕ್ ಎರಡು. ಬೂಟು ಈ ವಾರ. ಅಮ್ಮ ಡಿಸೆಂಬರ್‌ನಲ್ಲಿ ಬರ್ತಾರೆ, ಖಣ ತರೋಕೆ ಹೇಳಿದ್ದೀನಿ. ಜಾಕೆಟ್‌ಗೆ ಎಷ್ಟು ಮೀಟರ್ ಬೇಕಾಗುತ್ತೆ?

ಮಗ್ಗದ ಮನೆ (ಬಾಗಲಕೋಟೆ, ಸದ್ಯ ಮಿನಿಯಾಪೊಲಿಸ್)

ಅಲ್ಲೇ ಹೊಲಿಸಿ ತರಲಿ, ಇಲ್ಲಿ ಕೊಡಬೇಡಿ. ನಿಮ್ಮ ಸರಿಯಾಗಿ ಕೂರುವ ಒಂದು ಬ್ಲೇಜರ್‌ನ ಭುಜ, ಎದೆ, ಉದ್ದದ ಅಳತೆ ಟೇಪ್ ಹಿಡಿದು ತೆಗೆದು ಕಳಿಸಿ. ಒಳಗೆ ಸ್ವೆಟರ್ ಬರುತ್ತೆ ಅಂತ ಎದೆಗೆ ಎರಡಿಂಚು ಸಡಿಲ ಬಿಡೋಕೆ ಹೇಳಿ. ಎಷ್ಟು ಬಟ್ಟೆ ಬೇಕು ಅನ್ನೋದನ್ನ ಟೇಲರ್ ಪನ್ನ ನೋಡಿ ಹೇಳ್ತಾರೆ.

ಚೌಚೌ ಭಾತ್ (ಬೆಂಗಳೂರು)

ಜಾಕೆಟ್ ಹೊಲಿಯುವ ಒಳ್ಳೆ ಲೇಡೀಸ್ ಟೇಲರ್ ಮಲ್ಲೇಶ್ವರದ ಕಡೆ ಯಾರಾದರೂ ಗೊತ್ತಾ? ನಮ್ಮವರು ಬ್ಲೌಸ್ ಕೊಟ್ಟರೇ ಎರಡು ತಿಂಗಳು ಮಾಡ್ತಾರೆ.

ಬಸವನಗುಡಿ ಬೈಟೂ

ಗಾಂಧಿ ಬಜಾರ್ ಹತ್ತಿರ ನನ್ನ ಹೆಂಡತಿ ಕೊಡೋರು ಒಬ್ಬರಿದ್ದಾರೆ. ಮೆಸೇಜ್ ಹಾಕಿ, ಕೇಳಿ ಹೇಳ್ತೀನಿ. ಅಂದಹಾಗೆ ಆ ಹೀಟ್‌ಟೆಕ್ ಗಂಡಸರಿಗೂ ಸಿಗುತ್ತಾ?